ಅಕ್ಕನ ಬದಲು ನಾನು ಕೊಟ್ಟ ಉತ್ತರ

ಮಾನ್ವಿ ಬಸ್ ಸ್ಟ್ಯಾಂಡಿನ ವಿಚಾರಣೆ ಕಿಟಕಿಯ ಹಿಂದೆ ಕೂತು ನನಗೆ ಹನ್ನೊಂದು ವರ್ಷವಾಯಿತು. ಅದಕ್ಕೂ ಮೊದಲು ಕಂಡಕ್ಟರ್ ಆಗಿದ್ದೆ, ಮೊಣಕಾಲು ಕೈಕೊಟ್ಟ ಮೇಲೆ ಇಲ್ಲಿ ತಂದು ಕೂರಿಸಿದರು. ಜನ ಕಿಟಕಿಗೆ ಮುಖ ಒಡ್ಡಿ ಬಾಯಿ ತೆರೆಯುವಷ್ಟರಲ್ಲಿ ನನ್ನ ಉತ್ತರ ಹೊರಗೆ ಬಿದ್ದಿರುತ್ತದೆ. ಕೈಯಲ್ಲಿ ಎಕ್ಸ್‌ರೇ ಚೀಲವಿದ್ದರೆ ರಾಯಚೂರು. ತಲೆಯ ಮೇಲೆ ಹಾಸಿಗೆ ಗಂಟಿದ್ದರೆ ಭತ್ತದ ನಾಟಿ ಮುಗಿಸಿ ದೇವದುರ್ಗಕ್ಕೆ ಹೊರಟ ಕೂಲಿಯವರು. ಹತ್ತರಲ್ಲಿ ಒಂಬತ್ತು ಸಲ ಸರಿ ಇರುತ್ತದೆ. ಹತ್ತನೆಯವರು ಯಾವ ಊರಲ್ಲಿ ಇಳಿದು ನನ್ನನ್ನು ಬೈದರೋ ಗೊತ್ತಿಲ್ಲ, ಗೊತ್ತಾಗುವಷ್ಟರಲ್ಲಿ ಬಸ್ಸು ಹೋಗಿರುತ್ತದೆ.

ಕೂತಲ್ಲಿ ಕೂರುವ ಜೀವ ನನ್ನದಲ್ಲ. ಕುರ್ಚಿಯಲ್ಲಿ ಕೂತಿದ್ದರೂ ಕಾಲು ಅಲ್ಲಾಡುತ್ತಲೇ ಇರುತ್ತದೆ. "ನಿಮ್ಮ ಕುರ್ಚಿಗೂ ಒಂದು ಬಸ್ಸಿನ ನಂಬರ್ ಬರಸ್ರಿ, ಎಲ್ಲಿಗರೆ ಹೋಗಿ ಮುಟ್ಟಲಿ" ಎಂದು ಹೆಂಡತಿ ಅಣಕಿಸುತ್ತಾಳೆ. ಈ ಚಡಪಡಿಕೆಯನ್ನು ನಾನು ಚುರುಕುತನ ಎಂದುಕೊಂಡೇ ಇಷ್ಟು ವರ್ಷ ಬದುಕಿದ್ದೆ.

ನನಗಿಂತ ಏಳು ವರ್ಷಕ್ಕೆ ದೊಡ್ಡವಳು ಅಕ್ಕ. ದೇವದುರ್ಗದಲ್ಲಿ ಮಗ ಸೊಸೆಯ ಜೊತೆ ಇದ್ದಾಳೆ. ಭಾವ ತೀರಿಕೊಂಡ ಮೇಲೆ ಅವಳನ್ನು ಆಸ್ಪತ್ರೆಗೆ ಕರೆದೊಯ್ಯುವ ಕೆಲಸ ನನ್ನದಾಯಿತು. ಯಾರೂ ಒಪ್ಪಿಸಲಿಲ್ಲ, ನಾನೇ ತಲೆಯ ಮೇಲೆ ಎತ್ತಿಕೊಂಡೆ. ಎರಡು ವರ್ಷದ ಹಿಂದೆ ಅವಳಿಗೆ ಕಾಲು ಬಾವು, ವಿಪರೀತ ಸುಸ್ತು. ರಾಯಚೂರಿನಲ್ಲಿ ಸ್ಕ್ಯಾನಿಂಗ್ ಮಾಡಿಸಿದಾಗ ಲಿವರ್‌ನಲ್ಲಿ ಕೊಬ್ಬು ತುಂಬಿ ಅದು ಗಟ್ಟಿಯಾಗತೊಡಗಿದೆ ಎಂದರು. ಬಹಳ ದಿನದ ಸಕ್ಕರೆ ಕಾಯಿಲೆಯೂ ಅದಕ್ಕೆ ಕಾರಣ ಅಂದರು. ಜೀವಮಾನದಲ್ಲಿ ಶೇಂದಿ ಅಂಗಡಿಯ ಮುಂದೆ ಹಾಯುವಾಗ ಸೆರಗಿನಿಂದ ಮೂಗು ಮುಚ್ಚಿಕೊಂಡ ಹೆಂಗಸಿಗೆ ಲಿವರ್ ಕೆಟ್ಟಿದೆ ಎಂದರೆ ಓಣಿಯವರು ನಂಬಬೇಕಲ್ಲ! ಮುಸಿಮುಸಿ ನಕ್ಕರು. ಅಕ್ಕ ತಲೆ ಕೆಡಿಸಿಕೊಳ್ಳಲಿಲ್ಲ, ನಾನು ಇಬ್ಬರ ಜೊತೆ ಜಗಳ ಮಾಡಿ ಬಂದೆ.

ರಾಯಚೂರಿನ ಡಾಕ್ಟರು ಹೆಣ್ಣುಮಗಳು, ನಮಗಿಂತ ಚಿಕ್ಕವರು, ಮಾತು ಮೆತ್ತಗೆ. ಮೊದಲ ಭೇಟಿಯಲ್ಲಿ ಅಕ್ಕನನ್ನು ನೋಡಿ ಕೇಳಿದರು: "ಅಮ್ಮಾರ, ನಿಮಗ ಮೊದಲು ಯಾವಾಗರೆ ಕಾಮಾಲೆ ಆಗಿತ್ತೇನ್ರಿ?"

ಅಕ್ಕ ಬಾಯಿ ತೆರೆಯಲಿಲ್ಲ. ತೆರೆಯಲು ನಾನು ಬಿಡಲಿಲ್ಲ ಎನ್ನುವುದೇ ಸರಿ. ಅವಳ ಬಲಗೈ ಹಿಡಿದೆತ್ತಿ, ಮಣಿಕಟ್ಟಿನ ಮೇಲಿನ ಗುರುತು ತೋರಿಸಿದೆ. "ಆಗ್ಯದ್ರಿ ಮೇಡಂ, ಸಣ್ಣಾಕಿದ್ದಾಗ. ನೋಡ್ರಿ, ಚುಟಿಗೆ ಹಾಕಿಸ್ಯಾರ."

ನಮ್ಮ ಕಡೆ ಕಾಮಾಲೆಗೆ ಕಾಮಣಿ ಎನ್ನುತ್ತಾರೆ. ಕಾಮಣಿಯಾದ ಮಕ್ಕಳಿಗೆ ಕಾದ ಸಲಾಕೆಯಿಂದ ಮಣಿಕಟ್ಟಿನ ಮೇಲೆ ಸುಡುವುದು ನಮ್ಮ ಕಾಲಕ್ಕೆ ಮಾತ್ರೆಯಷ್ಟೇ ಸಾಮಾನ್ಯವಾಗಿತ್ತು. ನನ್ನ ವಯಸ್ಸಿನವರ ಕೈ ನೋಡಿದರೆ ಸಾಕು, ಯಾರಿಗೆ ಕಾಮಣಿ ಬಂದುಹೋಗಿದೆ ಎಂದು ಹೇಳಿಬಿಡಬಹುದು ಎಂಬುದು ನಮ್ಮೆಲ್ಲರ ನಂಬಿಕೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಡಾಕ್ಟರು ಗುರುತನ್ನು ನೋಡಿ, "ಆದ್ರೂ ಒಂದು ರಕ್ತ ಪರೀಕ್ಷೆ ಮಾಡಿಸಿಬಿಡೋಣ. ಆಗಿಲ್ಲಂದ್ರ ಹೆಪಟೈಟಿಸ್ ಎ ಅನ್ನೋ ಕಾಮಾಲೆ ಬರದಂಗ ಲಸಿಕೆ ಹಾಕಬೇಕಾಗ್ತದ" ಅಂದರು. ಆಗಲೇ ಆರು ಸೀಸೆ ರಕ್ತ ತೆಗೆದಿದ್ದರು. "ಯಾಕ್ರಿ ಮೇಡಂ, ಕೈ ಮ್ಯಾಲೇ ಬರ್ದದಲ್ಲ" ಎಂದು ನಾನು ನಕ್ಕೆ. ಹೊರಗೆ ರೋಗಿಗಳು ಬಾಗಿಲು ತಳ್ಳುತ್ತಿದ್ದರು. ಮುಂದಿನ ಸಲ ನೋಡೋಣ ಅಂದರು. ಮುಂದಿನ ಸಲ ನಾನು ಅದರ ಸುದ್ದಿ ಎತ್ತಲಿಲ್ಲ, ಅದರ ಮುಂದಿನ ಸಲವೂ ಇಲ್ಲ.

ಹೀಗೆ ಎರಡು ವರ್ಷ ಹೋಯಿತು. ಕಳೆದ ಬೇಸಿಗೆಯಲ್ಲಿ ನಮ್ಮ ಡಿಪೋದ ಒಬ್ಬ ಡ್ರೈವರ್ ಕಾಮಾಲೆಯಿಂದ ಮಲಗಿದ. ನಲವತ್ತೆರಡರ ಗಟ್ಟಿ ಆಳು, ಪಂಕ್ಚರ್ ಆದ ಗಾಲಿಯನ್ನು ಒಬ್ಬನೇ ಉರುಳಿಸುವವನು. ನೋಡಲು ಹೋದರೆ ಮಂಚದ ಮೇಲೆ ಅರಿಶಿನ ಬಣ್ಣದ ಬೇರೆ ಯಾರೋ ಇದ್ದರು. ಎರಡು ತಿಂಗಳು ಸ್ಟಿಯರಿಂಗ್ ಮುಟ್ಟಲಿಲ್ಲ. ದೊಡ್ಡವರಿಗೆ ಬಂದರೆ ಹೀಗೇ ಜೋರು ಎಂದು ಅವನ ಹೆಂಡತಿ ಡಾಕ್ಟರ ಮಾತನ್ನು ಒಪ್ಪಿಸಿದಳು.

ಅವತ್ತಿನಿಂದ ನನ್ನ ಕಾಲಿನ ಅಲ್ಲಾಟ ತಲೆಗೇರಿತು. ಕಾಮಾಲೆ ಕಣ್ಣಿಗೆ ಕಂಡಿದ್ದೆಲ್ಲ ಹಳದಿ ಅನ್ನುತ್ತಾರೆ; ನನಗೆ ಕಾಮಾಲೆ ಇಲ್ಲದೆಯೇ ಕಂಡವರ ಕಣ್ಣೆಲ್ಲ ಹಳದಿ ಕಾಣತೊಡಗಿತು. ಕಿಟಕಿಗೆ ಬಂದವರ ಮುಖ ನೋಡುತ್ತ ಕೂತು, ಮೂರು ಗಂಟೆಯ ಬಸ್ಸನ್ನು ನಾಲ್ಕಕ್ಕೆ ಎಂದು ಹೇಳಿ ಬೈಸಿಕೊಂಡೆ. ಒಂದು ಪ್ರಶ್ನೆ ಕೊರೆಯುತ್ತಿತ್ತು. ಅಕ್ಕನಿಗೆ ಕಾಮಣಿ ಆಗಿತ್ತು ಎಂದು ನನಗೆ ಹೇಗೆ ಗೊತ್ತು? ಅವಳು ಹಳದಿಯಾಗಿ ಮಲಗಿದ್ದನ್ನು ನಾನು ನೋಡಿದ್ದೇನೆಯೇ? ಎಷ್ಟು ಕೆದಕಿದರೂ ನೆನಪಿಗೆ ಬರುತ್ತಿದ್ದುದು ಗುರುತೊಂದೇ.

ರಜೆ ಹಾಕಿ ಒಬ್ಬನೇ ರಾಯಚೂರಿಗೆ ಹೋಗಿ ಡಾಕ್ಟರನ್ನು ಕಂಡೆ. ಅವರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. "ನೋಡ್ರಿ, ಸಣ್ಣ ಮಕ್ಕಳಿಗೆ ಈ ರೋಗ ಬಂದ್ರ ಬಾಳ ಸಲ ಗೊತ್ತೇ ಆಗಂಗಿಲ್ಲ. ನೆಗಡಿಯಂಗ ಬಂದು ಹೋಗ್ತದ. ಒಮ್ಮೆ ಬಂದವ್ರಿಗೆ ಮತ್ತ ಬರಂಗಿಲ್ಲ. ಬರದೇ ಉಳಿದವ್ರಿಗೆ ವಯಸ್ಸಾದ ಮ್ಯಾಲ ಬಂದ್ರ ಕಷ್ಟ. ಅದರಾಗ ನಿಮ್ಮ ಅಕ್ಕಾರ ಲಿವರ್ ಮೊದಲೇ ಪೆಟ್ಟು ತಿಂದದ. ಅದರ ಮ್ಯಾಲ ಇದು ಬಿದ್ರ ಜೀವಕ್ಕ ಕುತ್ತು."

ಆ ಕೊನೆಯ ಮಾತು ಹೊತ್ತುಕೊಂಡು ಬಸ್ ಹತ್ತಿದೆ. ನಡುವೆ ಕಲ್ಮಲ ಊರು ದಾಟಿದ್ದು ಗೊತ್ತಾಗಲಿಲ್ಲ.

ಆ ವಾರವೇ ಅಕ್ಕನನ್ನು ಕರೆತಂದೆ. ಅವಳಿಗೆ ಇಷ್ಟವಿರಲಿಲ್ಲ. "ಇಷ್ಟು ವರ್ಷ ಹಳ್ಳದ ನೀರು, ಬಾವಿ ನೀರು ಕುಡ್ದೀನಿ, ಏನಾಗ್ಯದ?" ಅನ್ನುತ್ತಲೇ ಬಂದಳು. ಅವಳ ಜೊತೆ ಇರಲಿ ಎಂದು ನಾನೂ ಕೈ ಚಾಚಿ ರಕ್ತ ಕೊಟ್ಟೆ. ಮೂರು ದಿನ ಬಿಟ್ಟು ವರದಿ ಎಂದರು. ಅಕ್ಕ ಮಾನ್ವಿಯ ನಮ್ಮ ಮನೆಯಲ್ಲಿ ಉಳಿದು ನನ್ನ ಹೆಂಡತಿಯ ಜೊತೆ ಶೇಂಗಾ ಸುಲಿದಳು, ನಾನು ಮೂರೂ ದಿನ ಮನೆಯೊಳಗೆ ಹೊರಗೆ ತಿರುಗಿದೆ.

ವರದಿಯಲ್ಲಿ ನನಗೆ ಹೆಪಟೈಟಿಸ್ ಎ ಬಂದುಹೋಗಿದೆ, ದೇಹದಲ್ಲಿ ಅದರ ವಿರುದ್ಧ ರಕ್ಷಣೆ ಇದೆ ಎಂದಿತ್ತು. ಅಕ್ಕನಿಗೆ ಬಂದೇ ಇಲ್ಲ, ರಕ್ಷಣೆ ಇಲ್ಲ.

ನನ್ನ ಸಿಟ್ಟು ನೆತ್ತಿಗೇರಿತು. ಗುರುತು ಇರುವವಳಿಗೆ ಇಲ್ಲ, ಇಲ್ಲದವನಿಗೆ ಇದೆ! ಲ್ಯಾಬಿನ ಕೌಂಟರಿಗೆ ಹೋಗಿ ಕಾಗದ ಬಡಿದೆ. "ಸೀಸಿ ಅದಲು ಬದಲು ಮಾಡೀರಿ. ಇಬ್ಬರೂ ಒಟ್ಟಿಗೆ ರಕ್ತ ಕೊಟ್ಟೀವಂತ ಅಕ್ಕಂದು ತಮ್ಮಗ ಅಂಟಿಸೀರಿ. ಮಂದಿ ಜೀವ ಅಂದ್ರ ಆಟ ಮಾಡೀರೇನು?" ಕೌಂಟರಿನ ಹೆಣ್ಣುಮಗಳು ಸಮಾಧಾನದಿಂದ ಸೀಸೆಗಳ ಚೀಟಿ ತೋರಿಸಿದಳು, ಬೇಕಾದರೆ ಮತ್ತೊಮ್ಮೆ ರಕ್ತ ಕೊಡಿ ಅಂದಳು. ನಾನು ಮ್ಯಾನೇಜರನ್ನು ಕರೆಯಿರಿ ಎಂದು ಕೂಗುತ್ತಿದ್ದಾಗ ಅಂಗಿಯ ಚುಂಗು ಹಿಡಿದು ಯಾರೋ ಎಳೆದರು. ಅಕ್ಕ.

"ಪಾಪ, ಆ ಹುಡುಗಿಗೆ ಯಾಕ ಬೈತಿ? ಏನೂ ಅದಲು ಬದಲಾಗಿಲ್ಲ. ಹೊರಗ ಬಾ."

ಹೊರಗೆ ಕಲ್ಲುಬೆಂಚಿನ ಮೇಲೆ ಕೂರಿಸಿಕೊಂಡು ಹೇಳಿದಳು. "ಕಾಮಣಿ ಆಗಿದ್ದು ನಿನಗ. ಐದು ವರ್ಷದಾವ ಇದ್ದಿ. ಅವ್ವ ನಮ್ಮಿಬ್ಬರನ್ನೂ ಚುಟಿಗೆ ಹಾಕೋ ಮುದುಕನ ಹತ್ರ ಕರ್ಕೊಂಡು ಹೋದಳು. ಸಲಾಕಿ ಕೆಂಪಗಾಗಿದ್ದು ನೋಡಿ ನೀ ಚೀರಿದ ಚೀರಾಟಕ್ಕ ಕಟ್ಟಿದ ಎತ್ತು ಬೆದರಿದ್ವು. ಏನೂ ಆಗಂಗಿಲ್ಲೋ, ಮೊದಲ ನಾ ಹಾಕಿಸ್ಕೋತೀನಿ ನೋಡು, ಅಂತ ನಾ ಕೈ ಮುಂದ ಮಾಡಿದೆ."

"ಆಮ್ಯಾಲ?"

"ಆಮ್ಯಾಲ ಏನು? ನನ್ನ ಕೈ ನೋಡಿ ನೀ ಓಡಿಹೋದಿ. ಜ್ವಾಳದ ಹೊಲದಾಗ ಹೊಕ್ಕಾವ ಸಂಜೀತನ ಸಿಗಲಿಲ್ಲ. ಅವ್ವಗ ಸಾಕಾಗಿ ಬಿಟ್ಟಳು. ನಿನ್ನ ಕಾಮಣಿ ತಾನೇ ಇಳೀತು."

ಹೇಳಿ ಅವಳು ನಕ್ಕಳು. ಐವತ್ತು ವರ್ಷದ ಹಿಂದಿನ ನನ್ನ ಓಟ ಅವಳಿಗೆ ಇವತ್ತಿಗೂ ನಗು. ರೋಗ ನನಗೆ ಬಂದು ಅದರ ರಕ್ಷಣೆಯೂ ನನಗೇ ಉಳಿದಿತ್ತು; ಅವಳ ಪಾಲಿಗೆ ಸುಟ್ಟ ಗಾಯ ಮಾತ್ರ. ಆ ಗಾಯವನ್ನೇ ತೋರಿಸಿ, ಅವಳಿಗೆ ಸಿಗಬೇಕಿದ್ದ ಲಸಿಕೆಯನ್ನು ಎರಡು ವರ್ಷ ತಪ್ಪಿಸಿದ್ದೆ.

"ಎರಡು ವರ್ಷದ ಹಿಂದ ಡಾಕ್ಟರ್ ಕೇಳಿದಾಗ ಯಾಕ ಹೇಳಲಿಲ್ಲಕ್ಕಾ?"

"ನೀ ಆಗಲೇ ಹೇಳಿಬಿಟ್ಟಿದ್ದಿಯಲ್ಲ. ನಾಲ್ಕು ಮಂದಿ ಮುಂದ, ನನ್ನ ತಮ್ಮ ಸುಳ್ಳು ಹೇಳಾಕತ್ತಾನ ಅನ್ನಲೇನು? ಕಾಮಣಿ ಆಗಿತ್ತೇನವ್ವ ಅಂತ ಕೈ ನೋಡಿದವ್ರೆಲ್ಲ ಕೇಳ್ತಿದ್ರು, ಹೂಂ ಅಂತಿದ್ದೆ. ಎಷ್ಟು ಮಂದಿಗಂತ ಕಥಿ ಹೇಳಲಿ?"

ಒಳಗೆ ಹೋಗಿ ಲ್ಯಾಬಿನವಳ ಕ್ಷಮೆ ಕೇಳಿದೆ. ಅಲ್ಲಿಂದ ಡಾಕ್ಟರ ಬಳಿ.

ಡಾಕ್ಟರಿಗೇ ಆಶ್ಚರ್ಯ. "ನಮ್ಮ ಕಡಿ ಈ ವಯಸ್ಸಿನಾಗ ಇದು ಬರದೇ ಉಳಿದವ್ರು ಅಪರೂಪ. ಇವತ್ತೇ ಹಾಕಿಬಿಡೋಣ" ಅಂದರು. ಅಕ್ಕ ಸೆರಗು ಹೊದ್ದುಕೊಂಡು, ಮೆಲ್ಲಗೆ ಕೇಳಿದಳು: "ಯವ್ವಾ, ಈ ಸೂಜಿಯಿಂದಲೇ ಕಾಮಣಿ ಬಂದುಬಿಟ್ರ?"

"ಛೇ, ಹಂಗೆಲ್ಲ ಬರಂಗಿಲ್ಲಕ್ಕಾ" ಎಂದು ನಾನು ಶುರುಮಾಡಿದೆ. ಡಾಕ್ಟರು ನನ್ನ ಕಡೆ ಕೈ ಎತ್ತಿದರು. "ನೀವು ಸುಮ್ನಿರ್ರಿ. ಅಮ್ಮಾರು ನನ್ನ ಕೇಳ್ಯಾರ."

ಆಮೇಲೆ ಅವಳಿಗೇ ಹೇಳಿದರು. ಲಸಿಕೆಯಲ್ಲಿ ಇರುವುದು ಸತ್ತ ವೈರಾಣು, ಅದು ಬೆಳೆಯಲಾರದು, ರೋಗ ತರಲಾರದು. ಕಳ್ಳನ ಫೋಟೋ ಠಾಣೆಯಲ್ಲಿ ಹಚ್ಚಿಟ್ಟ ಹಾಗೆ, ನಿಜವಾದ ಕಳ್ಳ ಬಂದಾಗ ದೇಹ ಗುರುತು ಹಿಡಿಯುತ್ತದೆ. ಜೀವಂತ ವೈರಾಣುವಿನ ಇನ್ನೊಂದು ಜಾತಿಯ ಲಸಿಕೆಯೂ ಇದೆ, ಆದರೆ ಇವರಿಗೆ ಸತ್ತದ್ದೇ ಸರಿ. ತೋಳು ನೋಯಬಹುದು, ತಲೆನೋವು, ಮೈ ಬೆಚ್ಚಗಾಗುವುದು ಒಂದೆರಡು ದಿನ ಇರಬಹುದು. ತೀರಾ ಅಪರೂಪಕ್ಕೆ ಯಾರಿಗಾದರೂ ಅಲರ್ಜಿಯಾಗಿ ಉಸಿರು ಕಟ್ಟುತ್ತದೆ, ಅದಕ್ಕೇ ಅರ್ಧ ಗಂಟೆ ಇಲ್ಲೇ ಕೂರಬೇಕು. ಆರೋಗ್ಯವಂತರಿಗೆ ಒಂದೇ ಸೂಜಿಯಿಂದ ಎರಡರಿಂದ ನಾಲ್ಕು ವಾರದೊಳಗೆ ಚೆನ್ನಾಗಿ ರಕ್ಷಣೆ ಬರುತ್ತದೆ. ಆರು ತಿಂಗಳಿಗೆ ಎರಡನೆಯದು ಹಾಕಿಸಿದರೆ ಬಹಳ ವರ್ಷ ಉಳಿಯುತ್ತದೆ.

"ನನ್ನಂಥಾ ಲಿವರ್ ಕೆಟ್ಟವ್ರಿಗೆ?" ಅಕ್ಕ ಕೇಳಿದಳು. ಅವಳಿಗೆ ಇಂಥ ಪ್ರಶ್ನೆ ಹೊಳೆಯುತ್ತದೆ ಎಂದು ನಾನು ಅಂದುಕೊಂಡಿರಲಿಲ್ಲ.

"ಸ್ವಲ್ಪ ಕಡಿಮಿ ಹತ್ತಬಹುದು, ಸ್ವಲ್ಪ ತಡಾ ಆಗಬಹುದು. ಅದಕ್ಕೇ ಎರಡನೇದು ತಪ್ಪಿಸಬ್ಯಾಡ್ರಿ. ಅಲ್ಲೀತನ ಕುದಿಸಿದ ನೀರೇ ಕುಡೀರಿ. ಇದು ಎಲ್ಲಾ ಕಾಮಾಲೆಗೂ ಛತ್ರಿ ಅಲ್ಲ, ಒಂದಕ್ಕ ಮಾತ್ರ."

ಸೂಜಿ ಹಾಕುವಾಗ ಅಕ್ಕ ಅತ್ತ ನೋಡಿದಳು, ನಾನು ಇತ್ತ ನೋಡಿದೆ. ಮರುದಿನ ಮಧ್ಯಾಹ್ನ ಅವಳಿಗೆ ತೋಳು ನೋವು, ಮೈ ಬೆಚ್ಚಗೆ. ನಾನು ಆಸ್ಪತ್ರೆಗೆ ಮೂರು ಸಲ ಫೋನ್ ಮಾಡಿದೆ. ಮೂರನೆಯ ಸಲ ನರ್ಸ್ ಅಂದಳು: "ಅಣ್ಣಾರ, ಸೂಜಿ ಹಾಕಿಸ್ಕೊಂಡವ್ರು ಆರಾಮ ಅದಾರ, ನೀವೇ ಬಂದು ತೋರಿಸ್ಕೊಳ್ರಿ." ಸಂಜೆಗೆ ಅಕ್ಕ ರೊಟ್ಟಿ ಬಡಿಯುತ್ತಿದ್ದಳು.

ಅವಳು ದೇವದುರ್ಗಕ್ಕೆ ಹೋಗಿ ಮೂರನೆಯ ವಾರ. ಅವರ ಓಣಿಯಲ್ಲಿ ನಲ್ಲಿಯ ಪೈಪು ಚರಂಡಿ ದಾಟುವಲ್ಲಿ ಒಡೆದಿತ್ತಂತೆ. ಮೊದಲು ಎರಡು ಮಕ್ಕಳು, ಆಮೇಲೆ ಪಕ್ಕದ ಮನೆಯ ಟೇಲರ್ ಹಳದಿಯಾದರು. ಹೆಪಟೈಟಿಸ್ ಎ ಎಂದೇ ಟೇಲರನ ವರದಿ ಬಂತು. ಸುದ್ದಿ ಕೇಳಿದವನೇ ಕೌಂಟರ್ ಬಿಟ್ಟೆದ್ದು, ಯಾರಿಗೂ ಹೇಳದೆ ಹೊರಟ ಬಸ್ಸಿಗೆ ಹತ್ತಿದೆ. ಅದು ದೇವದುರ್ಗದ್ದಲ್ಲ, ರಾಯಚೂರಿನದು. ಹತ್ತು ಊರಿಗೆ ದಾರಿ ಹೇಳುವವನು ತಪ್ಪು ಬಸ್ ಹತ್ತಿ ನಡುದಾರಿಯಲ್ಲಿ ಇಳಿದೆ. ಆತುರಗಾರನಿಗೆ ಬುದ್ಧಿ ಮಟ್ಟ!

ಅಕ್ಕ ಅದೇ ನಲ್ಲಿಯ ನೀರು ಕುಡಿದಿದ್ದಳು. ಮನೆಯಲ್ಲಿ ಕುದಿಸುತ್ತಿದ್ದಳು, ನಿಜ. ಆದರೆ ನೆಂಟರ ಮನೆಯ ಕಾರ್ಯದಲ್ಲಿ ಕೊಟ್ಟ ತಂಬಿಗೆಯನ್ನು ಬೇಡ ಅನ್ನಲು ಅವಳಿಗೆ ಬಾಯಿ ಬಂದಿರಲಿಲ್ಲ. ಡಾಕ್ಟರು ಫೋನಿನಲ್ಲಿ, ಲಸಿಕೆ ಬಿದ್ದದ್ದು ಒಳ್ಳೆಯದಾಯಿತು, ಆದರೂ ಕೆಲವು ವಾರ ಕಾಯಬೇಕು, ನಡುವೆ ರಕ್ತ ನೋಡೋಣ ಅಂದರು. ಕಾಯುವುದು ಎಂದರೆ ನನ್ನಿಂದ ಆಗದ ಕೆಲಸ. ದಿನಕ್ಕೆ ಎರಡು ಸಲ ಫೋನ್: "ಕಣ್ಣು ಕನ್ನಡ್ಯಾಗ ನೋಡ್ಕೊಂಡಿ? ಉಚ್ಚಿ ಯಾವ ಬಣ್ಣ ಅದ?"

"ತಮ್ಮನ ಮುಂದ ಉಚ್ಚಿ ಬಣ್ಣ ಹೇಳೋ ಕಾಲ ಬಂತಲ್ಲೋ" ಎಂದು ಅಕ್ಕ ಫೋನನ್ನು ಸೊಸೆಗೆ ಕೊಟ್ಟುಬಿಡುತ್ತಿದ್ದಳು.

ಎರಡು ಸಲ ರಕ್ತ ನೋಡಿದರು. ಕಾಮಾಲೆಯ ಸುಳಿವಿರಲಿಲ್ಲ, ಲಿವರ್ ಇದ್ದ ಹಾಗೇ ಇತ್ತು. ಲಸಿಕೆಯೇ ಕಾಪಾಡಿತೇ ಎಂದು ಕೇಳಿದೆ. "ಒಬ್ಬರ ವಿಷಯದಾಗ ಹಂಗ ಆಣಿ ಮಾಡಿ ಹೇಳಾಕ ಬರಂಗಿಲ್ಲ. ಆದ್ರ ಹಾಕಿರಲಿಲ್ಲಂದ್ರ ಈ ತಿಂಗಳು ನನಗೂ ನಿದ್ದಿ ಇರ್ತಿರಲಿಲ್ಲ" ಅಂದರು ಡಾಕ್ಟರು. ಅಕ್ಕನಿಗೆ ಮತ್ತೇನಾದರೂ ತೊಂದರೆ ಇದೆಯೇ ಎಂದು ಅವರು ಕೇಳಿದಾಗ ನಾನೇ ಹೇಳಿದೆ, ಏನೂ ಇಲ್ಲ, ಆರಾಮ ಅದಾಳ. ನಾಯಿಯ ಬಾಲದಂತೆ ನನ್ನ ನಾಲಿಗೆ.

ಆರು ತಿಂಗಳಿಗೆ ಎರಡನೆಯ ಸೂಜಿ. ಟೇಲರ್ ಎದ್ದು ಮಿಷನ್ ತುಳಿಯತೊಡಗಿದ್ದ. ಡಾಕ್ಟರ ಕೋಣೆಯ ಮುಂದೆ ಅಕ್ಕನ ಸರದಿ ಬಂದಾಗ ನಾನೂ ಎದ್ದೆ. ಅವಳು ನನ್ನ ಎದೆಗೆ ಕೈ ಅಡ್ಡ ಇಟ್ಟಳು.

"ನೀ ಇಲ್ಲೇ ಕುಂದ್ರು. ಇವತ್ತು ನಾ ಒಬ್ಬಾಕೇ ಹೋಗ್ತೀನಿ."

"ಯಾಕಕ್ಕಾ? ಡಾಕ್ಟರ್ ಏನರೆ ಕೇಳಿದ್ರ?"

"ಕೇಳಿದ್ರ ಹೇಳ್ತೀನಿ. ಬಾಯಿ ಅದಲ್ಲ ನನಗ."

ಬಾಗಿಲು ಮುಚ್ಚಿತು. ಒಂದು ಸೂಜಿಗೆ ಎಷ್ಟು ಹೊತ್ತು? ಐದು ನಿಮಿಷ. ಹತ್ತಾಯಿತು. ನೀರು ಕುಡಿದು ಬಂದೆ. ಗೋಡೆಯ ಮೇಲಿನ ಪಟಗಳನ್ನೆಲ್ಲ ಓದಿದೆ. ಒಳಗಿಂದ ಅಕ್ಕನ ದನಿ ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಇಷ್ಟು ಉದ್ದಕ್ಕೆ ಅವಳು ಮಾತಾಡಿದ್ದನ್ನು ನಾನು ಯಾವಾಗ ಕೇಳಿದ್ದೆ? ಅಟೆಂಡರ್ ಎರಡು ಸಲ ನನ್ನನ್ನು ಕೂರಿಸಿದ.

ಹೊರಬಂದಾಗ ತೋಳಿಗೆ ಹತ್ತಿ ಒತ್ತಿ ಹಿಡಿದಿದ್ದಳು, ಇನ್ನೊಂದು ಕೈಯಲ್ಲಿ ಹೊಸ ಚೀಟಿ.

"ಇದೇನು?"

"ಹೊಟ್ಟ್ಯಾಗ ಪೈಪ್ ಬಿಟ್ಟು ನೋಡ್ತಾರಂತ. ಇವತ್ತೇ ಬರೆಸು ಅಂದ್ರು." ಸುತ್ತ ನೋಡಿ ದನಿ ತಗ್ಗಿಸಿದಳು. "ಎರಡು ತಿಂಗಳಾತು, ಹೊರಕಡಿ ಕರ್ರಗ ಹೋಗಾಕತ್ತದ. ರಕ್ತ ಇರಬಹುದಂತ."

ನನ್ನ ಕಾಲು ನಿಂತುಬಿಟ್ಟಿತು. ಎರಡು ತಿಂಗಳು. ಆರಾಮ ಅದಾಳ ಎಂದು ನಾನು ಎಷ್ಟು ಜನರಿಗೆ ಹೇಳಿದ್ದೆ! "ನನಗ ಯಾಕ ಹೇಳಲಿಲ್ಲಕ್ಕಾ?"

"ನೀ ಎಲ್ಲಿ ಕೇಳ್ತಿದ್ದಿ? ನೀ ಹೇಳ್ತಿದ್ದಿ, ನಾ ಕೇಳ್ತಿದ್ದೆ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ನನಗೆ ಅಳು ಬಂತು.

ಪರೀಕ್ಷೆ ಬರೆಸುವ ಕೌಂಟರಿನಲ್ಲಿ ಒಬ್ಬಳು ತಲೆ ಎತ್ತದೆ ಕೇಳಿದಳು: "ಪೇಷಂಟ್ ಯಾವ್ಯಾವ ಗುಳಿಗಿ ತಗೋತಾರ್ರಿ?"

ಅಕ್ಕನ ಗುಳಿಗೆಗಳು ನನಗೆ ಬಸ್ಸಿನ ವೇಳಾಪಟ್ಟಿಯಷ್ಟೇ ಬಾಯಿಪಾಠ. ಸಕ್ಕರೆಗೆ ಎರಡು, ಲಿವರಿಗೆ ಒಂದು, ನೀರು ಹೋಗಲು ಒಂದು. ಬಾಯಿ ತೆರೆದೆ. ಮುಚ್ಚಿಕೊಂಡು ಪಕ್ಕಕ್ಕೆ ಸರಿದು ಅಕ್ಕನಿಗೆ ಜಾಗ ಬಿಟ್ಟೆ. ಅವಳು ಚೀಲ ಕೆಳಗಿಟ್ಟು, ಬೆರಳು ಮಡಚುತ್ತ ನಿಧಾನವಾಗಿ ಹೇಳತೊಡಗಿದಳು. ನಾಲ್ಕು ನನಗೆ ಗೊತ್ತಿದ್ದವೇ. ಐದನೆಯ ಬೆರಳು ಮಡಚಿದಳು.

"ಮತ್ತ ಮೊಣಕಾಲ ನೋವಿಗೆ ಅಂಗಡ್ಯಾಗಿಂದ ತಂದದ್ದು ಒಂದು ಅದ. ನಾಲ್ಕು ತಿಂಗಳಾತು, ದಿನಾ ಎರಡು."

ಬರೆದುಕೊಳ್ಳುತ್ತಿದ್ದವಳು ಪೆನ್ನು ನಿಲ್ಲಿಸಿ, "ನೋವಿನ ಗುಳಿಗೀನಾ? ಅದರಿಂದಲೇ ರಕ್ತ ಹೋಗ್ತಿರಬಹುದು" ಎನ್ನುತ್ತ ಚೀಟಿ ಎತ್ತಿಕೊಂಡು, ಡಾಕ್ಟರ ಕೋಣೆಗೆ ಓಡಿದಳು.